ಎಚ್ ಮಾಸ್ತರ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಮುತ್ತಪ್ಪ ಮಾಸ್ತರರು ತೀರಿಕೊಂಡರು. ಹತ್ತೂಕಾಲಿಗೆ ಅವರ ಒಬ್ಬಳೇ ಮಗಳು ಸುಜಾತಾ ಹೊರ್ತಿಯಿಂದ ಕಟ್ಟಿಹಾಳಕ್ಕೆ ಬಂದು ತಲುಪಿದಾಗ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿ, ಎದೆಗೆ ಧೋತರ ಸುತ್ತಿ ಗೂಟಕ್ಕೆ ಬಿಗಿಯುತ್ತಿದ್ದರು. ಒಂದು ತುದಿಯನ್ನು ಸೋದರಮಾವ ಗುರಪ್ಪ ಎಳೆದು ಹಿಡಿದಿದ್ದ.

“ಮಗಳು ಬಂದ್ಲು, ದಾರಿ ಬಿಡ್ರಿ,” ಎಂದ ಅವನು.

ದಾರಿ ಬಿಟ್ಟರು. ಹಣೆಗೆ ದಪ್ಪಗೆ ವಿಭೂತಿ ಬಳಿದಿದ್ದರು. ಕನ್ನಡಕ ತೆಗೆದಿದ್ದರಿಂದ ಮೂಗಿನ ಎರಡೂ ಬದಿಯ ಕಲೆ ಎದ್ದು ಕಾಣುತ್ತಿತ್ತು. ಸುಜಾತಾ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಎದ್ದು ಅವ್ವನ ಪಕ್ಕಕ್ಕೆ ಹೋಗಿ ಕೂತಳು. ಅಳು ಬರಲಿಲ್ಲ. ಅಪ್ಪನ ಜೊತೆ ಆಕೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

“ನಿಮ್ಮಪ್ಪ ನಿನ್ನಿ ಸಂಜಿಕ ಕೇಳಿದ್ರು ಯವ್ವಾ, ಅಕಿ ಯಾವಾಗ ಬರ್ತಾಳ ಅಂತ,” ಎಂದಳು ಅವ್ವ ಇಂದುಬಾಯಿ. “ನಾ ಏನಂತ ಹೇಳ್ಲಿ? ಸಾಲಿ ಐತಿ ಅಂದ್ನಿ.”

“ಸಾಲಿ ಇತ್ತಲ್ಲ,” ಎಂದಳು ಸುಜಾತಾ.

ಸಾಲಿ ಇದ್ದದ್ದು ನಿಜ. ಆಕೆ ಹೊರ್ತಿಯಲ್ಲಿ ಅತಿಥಿ ಶಿಕ್ಷಕಿ. ಪ್ರತಿ ಜೂನಿನಲ್ಲಿ ಹೊಸದಾಗಿ ಅರ್ಜಿ ಕೊಟ್ಟು, ಮಾರ್ಚಿನಲ್ಲಿ ಮನೆಗೆ ಬರುವ ಕೆಲಸ.

ಕಿಟಕಿಯ ಆಚೆ, ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ದೇವಣಗಾಂವದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಬಾಬುಲಾಲ ಮಾಸ್ತರರ ಬಾಲ್ಯದ ಗೆಳೆಯ. ಬೆಳಿಗ್ಗೆಯೇ ಬಂದು ಚಹಾದ ವ್ಯವಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡಿದ್ದ.

“ಮೂವತ್ತಾರು ವರ್ಷ ಸರ್ವಿಸ್ ಆತು, ಹೆಡ್ ಮಾಸ್ತರ ಆಗಲೇ ಇಲ್ಲ ನೋಡ್ರಿ ಕಡೀತನ,” ಎಂದರು ಯಾರೋ.

“ಆಗ್ಲಿಲ್ಲ ಅಂದ್ರ? ಎಚ್ ಮಾಸ್ತರ ಆದ್ರಲ್ಲ!”

ಟವೆಲ್ಲು ಬಾಯಿಗೆ ಹಿಡಿದು ನಕ್ಕ ಸದ್ದು ಕೇಳಿಸಿತು.

“ನಗಬ್ಯಾಡ್ರಿ, ಹೆಣ ಇನ್ನೂ ಒಳಗೈತಿ. ನಮ್ಮ ಹುಡುಗನ ಹೆಸರು ದತ್ತಾತ್ರೇಯ. ಅದರಾಗ ಮೂರು ಎಚ್ ತುರುಕಿದ್ರು ಪುಣ್ಯಾತ್ಮರು. ಫಾರ್ಮ್ ತುಂಬಾಕ ಹೋದ್ರ ಅಕ್ಷರದ ಡಬ್ಬಿ ಸಾಲಲಿಲ್ಲ. ಹೆಸರು ಅರ್ಧಕ್ಕ ನಿಂತಿತು.”

“ಮತ್ತೇನ್ ಮಾಡಿದ?”

“ಏನ್ ಮಾಡ್ತಾನ? ಪುಣೇಕ ಹೋದ. ಅಲ್ಲಿ ಯಾರೂ ಸ್ಪೆಲಿಂಗ್ ಕೇಳಂಗಿಲ್ಲ.”

ಬಾಬುಲಾಲ ಮಾತ್ರ ನಗಲಿಲ್ಲ. ಕಿಟಕಿಯ ಕಡೆ ನೋಡಿ, “ಚಾ ಕುಡೀರಿ ಸುಮ್ಮ,” ಎಂದ.

*

ಎರಡು ಸಾವಿರದ ಏಳರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬಂತು. ಮಾಸ್ತರರು ಇಂಗ್ಲಿಷ್ ಅಕ್ಷರ ಮೊದಲು ಕಂಡದ್ದು ಐದನೇ ಇಯತ್ತೆಯಲ್ಲಿ. ಕಲಿಸಿದವರು ಡ್ರಿಲ್ ಮಾಸ್ತರರು. ಈಗ ಇವರೇ ಕಲಿಸಬೇಕು. ಹನ್ನೆರಡು ದಿನದ ತರಬೇತಿಗೆ ವಿಜಯಪುರಕ್ಕೆ ಕರೆದರು.

ಮೊದಲ ದಿನ ಮೈಸೂರು ಕಡೆಯಿಂದ ಬಂದಿದ್ದ ತರಬೇತುದಾರ ಇಂಗ್ಲಿಷಿನಲ್ಲಿ ಟೈಪಾಗಿದ್ದ ಪಟ್ಟಿ ಹಿಡಿದು ಹಾಜರಿ ಕೂಗಿದ. ಇವರ ಹೆಸರು ಬಂದಾಗ ಒಂದು ಕ್ಷಣ ನಿಂತು ಓದಿದ: “ಮುಟ್ಟಪ್ಪ.”

ಕೋಣೆ ತುಂಬ ನಗು. ಹೆಣ್ಣುಮಕ್ಕಳು ತಲೆ ತಗ್ಗಿಸಿದರು.

“ನಾನೇನ್ರೀ ಮಾಡ್ಲಿ ಸಾರ್? ಟಿ ಬರೆದ್ರೆ ಟ ಅಂತಾನೇ ಓದೋದು. ತ ಬೇಕು ಅಂದ್ರೆ ಪಕ್ಕದಲ್ಲಿ ಎಚ್ ಹಾಕ್ಬೇಕು. ನಿಮ್ಮ ಕಡೆಯೋರಿಗೆ ಇಷ್ಟೂ ಗೊತ್ತಿಲ್ವಾ?”

ಹನ್ನೆರಡು ದಿನವೂ ಊಟದ ಸಾಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮೂತ್ರಕ್ಕೆ ಹೋದಲ್ಲಿ, ಆ ಹೆಸರೇ. ಮನೆಯಲ್ಲಿ ಅವರು ಇದನ್ನು ಹೇಳಿದ್ದು ಒಂದೇ ಸಲ. ಊಟಕ್ಕೆ ಕೂತಾಗ, ಇಂದುಬಾಯಿ ರೊಟ್ಟಿ ತರಲು ಒಳಗೆ ಹೋದ ಹೊತ್ತು ನೋಡಿ, ಹನ್ನೊಂದು ವರ್ಷದ ಮಗಳಿಗೆ ಹೇಳಿದರು. ನಗುತ್ತ ಹೇಳಲು ನೋಡಿದರು, ಆಗಲಿಲ್ಲ.

ಸೋಮವಾರ ಶಾಲೆಯ ದಾಖಲಾತಿ ರಜಿಸ್ಟರು ತೆಗೆದರು. ಉತ್ತರ ಕರ್ನಾಟಕದ ಎಲ್ಲ ಶಾಲೆಗಳಲ್ಲಿ ಇದ್ದ ಹಾಗೆಯೇ ಅಲ್ಲಿಯೂ ತ ಎಂದರೆ ಬರೀ ಟಿ. ನೀಲಿ ಪೆನ್ನು ತೆಗೆದು ಎರಡು ಅಕ್ಷರದ ಸಂದಿಯಲ್ಲಿ ಎಚ್ ಕೂಡಿಸುತ್ತ ಹೋದರು. ನಲವತ್ತಮೂರು ಮಕ್ಕಳು.

“ಮೊದಲ ನಮ್ಮ ಮನಿದು,” ಎಂದು ಆರನೇ ಇಯತ್ತೆಯ ಸುಜಾತಾಳಿಂದ ಶುರು ಮಾಡಿದರು. ಮಕ್ಕಳನ್ನೆಲ್ಲ ಕರೆದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ತಾಳಿಕೋಟಿ ಎಂದು ಬರೆದರು. “ನೋಡ್ರಿ, ಒಂದ ಊರಾಗ ಎರಡು ಟಿ ಅದಾವು. ಮೊದಲಿನದಕ್ಕ ಎಚ್ ಬೇಕು, ಎರಡನೇದಕ್ಕ ಬ್ಯಾಡ. ಮುದ್ದೇಬಿಹಾಳದಿಂದ ದಿನಾ ಬಸ್ ಬರ್ತೈತಿ, ಬೋರ್ಡ್ ತಪ್ಪು ಬರಕೊಂಡು. ಯಾರಿಗೂ ನಾಚಿಕಿ ಇಲ್ಲ.”

ಸುಜಾತಾ ತನ್ನ ಹೊಸ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ಅಪ್ಪಾ, ಹಿಂಗಾದ್ರ ಇದು ಸುಜಾಥಾ ಆಗ್ತೈತಿ.”

“ಥ ಅಂತಾರ, ಅನ್ಲಿ. ಟ ಅನಬಾರ್ದು.”

“ಮತ್ತ ಥಾಮಸ್ ಅಂತ ಬರದು ಟಾಮಸ್ ಅಂತಾರಲ್ಲ? ಅಲ್ಲಿ ಎಚ್ ಐತಿ.”

ಮಾಸ್ತರರು ಡಿಕ್ಷನರಿ ತೆಗೆದು ನೋಡಿದರು. ಎಚ್ ಇತ್ತು. ಬರೆದಂತೆ ಓದುವ ಭಾಷೆಯಲ್ಲಿ ಬೆಳೆದ ಮನುಷ್ಯ ಪುಟವನ್ನು ಬಹಳ ಹೊತ್ತು ನೋಡಿ, ಮುಚ್ಚಿ, ಮಗಳ ತಲೆಯ ಮೇಲೆ ಒಂದು ಮೊಟಕಿದರು.

“ನಿಮ್ಮ ಹೆಸರಿಗೂ ಹಚ್ಚಕೋರಿ ಹಂಗಾರ,” ಎಂದಳು ಅವಳು ಅಳುತ್ತ.

“ನಂದು ಸರ್ವಿಸ್ ಬುಕ್ಕಿನಾಗ ಐತಿ. ಅದಕ್ಕ ಕೈ ಹಚ್ಚಾಕ ಬರಂಗಿಲ್ಲ,” ಎಂದರು ಮಾಸ್ತರರು.

*

ಹನ್ನೆರಡೂವರೆಗೆ ಕಾಂತು ಬಂದ. ಇಪ್ಪತ್ತೈದರ ಹುಡುಗ, ಮಾಸ್ತರರು ಒಂದನೇ ಇಯತ್ತೆಗೆ ಇಂಗ್ಲಿಷ್ ಕಲಿಸಿದ ಮೊದಲ ತಂಡದವನು. ಪೂರ್ತಿ ಹೆಸರು ಲಕ್ಷ್ಮೀಕಾಂತ. ಹಾರ ತಂದಿದ್ದ. ಬಗಲಲ್ಲಿ ಪ್ಲಾಸ್ಟಿಕ್ ಫೈಲೂ ಇತ್ತು. ಹಾರ ಹಾಕಿ, ಫೈಲನ್ನು ಕೆಳಗಿಡದೆ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದ. ಆಮೇಲೆ ಹಿತ್ತಲಿಗೆ ಹೋಗುವ ಬಾಗಿಲಲ್ಲಿ ಸುಜಾತಾಳಿಗಾಗಿ ಕಾದು ನಿಂತ.

“ಅಕ್ಕಾ, ಇಂಥಾ ಹೊತ್ತಿನಾಗ ಕೇಳಬಾರ್ದು.”

“ಕೇಳು.”

“ನಾಳಿ ವಿಜಯಪುರದಾಗ ನನ್ನ ಕಾಗದಪತ್ರ ನೋಡ್ತಾರ. ಕಂಡಕ್ಟರ್ ಕೆಲಸಕ್ಕ ಸೆಲೆಕ್ಷನ್ ಆಗ್ಯಾದ. ಮಾರ್ಕ್ಸ್ ಕಾರ್ಡಿನಾಗ ಎಚ್ ಐತಿ, ಉಳದದ್ರಾಗ ಇಲ್ಲ. ಮಾಸ್ತರ ಐತವಾರ ನನಗ ಬರದು ಕೊಟ್ರು. ಸಹಿ ಅಷ್ಟ ಉಳೀತು, ಅವರಿಗಿ ಆರಾಮ ಇರಲಿಲ್ಲ. ಬುಧವಾರ ಬಾ, ಚೊಲೋತ್ನಂಗ ಮಾಡಿ ಕೊಡ್ತೇನಿ ಅಂದ್ರು. ಇವತ್ತ ಬುಧವಾರ.”

ಕಾಗದ ಚಾಚಿದ. ಸುಜಾತಾ ತೆಗೆದುಕೊಂಡಳು. ಗುಂಡಗಿನ, ಸ್ವಲ್ಪ ಎಡಕ್ಕೆ ವಾಲಿದ ಅಪ್ಪನ ಅಕ್ಷರ.

‘ಸದರಿ ವಿದ್ಯಾರ್ಥಿಯ ಹೆಸರಿನಲ್ಲಿ ಎಚ್ ಎಂಬ ಅಕ್ಷರವನ್ನು ಯಾರ ಆದೇಶವೂ ಇಲ್ಲದೆ ನಾನೇ ಸೇರಿಸಿರುತ್ತೇನೆ. ಇದು ನನ್ನ ತಪ್ಪು. ಇದರಲ್ಲಿ ವಿದ್ಯಾರ್ಥಿಯ ತಪ್ಪು ಇರುವುದಿಲ್ಲ.’

ಅವಳು ಮತ್ತೊಮ್ಮೆ ಓದಿದಳು. ಚಹಾದ ಕೆಟಲು ತುಂಬಿಸಲು ಬಂದ ಬಾಬುಲಾಲ ಅಲ್ಲೇ ನಿಂತ.

“ಕಾಕಾ, ಇಂಥವು ಎಷ್ಟು ಬರದಾರ?”

“ಇದು ಹಿಡದು ಹತ್ತೊಂಬತ್ತು, ತಂಗಿ. ರಿಟೈರ್ ಆದ ಮರದಿನದಿಂದ ಶುರು ಮಾಡಿದ್ರು. ಎಲ್ಲಾ ನನ್ನ ಅಂಗಡ್ಯಾಗ ಝೆರಾಕ್ಸ್ ಆಗ್ಯಾವು. ಕೆಲವರ ಮನಿಗಿ ತಾವ ಹೋಗಿ ಕೊಟ್ಟು ಬಂದಾರ.”

“ಅದರಾಗ ನಂದು ಐತೇನ್ರಿ?”

ಬಾಬುಲಾಲ ಕೆಟಲಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

“ನಾ ಒಮ್ಮಿ ಕೇಳಿದ್ನಿ. ಅಕಿ ನೌಕರಿ ಹೋದಮ್ಯಾಲ ಬರದು ಏನ್ ಉಪಯೋಗ, ಅಕಿ ಓದಂಗಿಲ್ಲ ಅಂದ್ರು.”

*

ಸುಜಾತಾಳಿಗೂ ಹೀಗೆಯೇ ಕಾಗದಪತ್ರ ತೋರಿಸುವ ಒಂದು ದಿನ ಇತ್ತು. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿತ್ತು. ಅಂಕಪಟ್ಟಿಗಳಲ್ಲಿ ಎಚ್ ಇತ್ತು. ಆಧಾರ್‌ನಲ್ಲಿ, ಜಾತಿ ಪ್ರಮಾಣಪತ್ರದಲ್ಲಿ ಇರಲಿಲ್ಲ. ಮೂಲ ರಜಿಸ್ಟರು ತರಿಸಿ ನೋಡಿದರೆ ಕಪ್ಪು ಮಸಿಯ ಹೆಸರಿನ ನಡುವೆ ನೀಲಿ ಎಚ್. ತಿದ್ದಿದವರಿಂದ ಲಿಖಿತ ಹೇಳಿಕೆ ತನ್ನಿ ಎಂದು ಏಳು ದಿನ ಕೊಟ್ಟರು.

“ಬರೀತೇನಿ,” ಎಂದರು ಮಾಸ್ತರರು ಮೊದಲ ದಿನ. ಎರಡನೆಯ ದಿನವೂ ಅದನ್ನೇ ಅಂದರು. ಐದನೆಯ ದಿನ ಕಾಗದ ತಂದು ಮುಂದಿಟ್ಟುಕೊಂಡು ದಿನಾಂಕ ಬರೆದರು. ಏಳನೆಯ ದಿನ ಬೆಳಿಗ್ಗೆ ಎದ್ದು ಯಾರದೋ ಮದುವೆ ಎಂದು ತಾಳಿಕೋಟಿಗೆ ಹೋದರು. ಸಂಜೆ ಬಂದಾಗ ಸುಜಾತಾ ಹೊಸ್ತಿಲಲ್ಲೇ ಕೂತಿದ್ದಳು.

“ನನ್ನ ನೌಕರಿ ಇನ್ನ ಎರಡು ವರ್ಷ ಐತಿ,” ಎಂದರು ಚಪ್ಪಲಿ ಕೂಡ ಬಿಡದೆ. “ರಜಿಸ್ಟರ್ ತಿದ್ದೇನಿ ಅಂತ ನನ್ನ ಕೈಲೆ ಬರದು ಕೊಟ್ರ ಚೌಕಶಿ-ವಿಚಾರಣಿ ಹಚ್ಚತಾರ. ಮನಿಗಿ ಕಳಸ್ತಾರ.”

“ತಿದ್ದಿದ್ದು ಖರೆ ಐತೋ ಇಲ್ಲೋ?”

“ತಿದ್ದಿದ್ದು ಖರೆ. ತಪ್ಪಲ್ಲ ಅದು. ಸರಿ ಮಾಡೇನಿ.”

“ಸರಿ ಇದ್ರ ಬರದು ಕೊಡಾಕ ಅಂಜಿಕಿ ಯಾಕ?”

ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಹುದ್ದೆ ಪಟ್ಟಿಯಲ್ಲಿ ಮುಂದಿನ ಹೆಸರಿನ, ಬಸವನ ಬಾಗೇವಾಡಿಯ ಹುಡುಗಿಗೆ ಹೋಯಿತು. ಸುಜಾತಾ ಮರುವಾರ ಗಂಡನ ಊರು ಹೊರ್ತಿಗೆ ಹೋದಳು. ಹಬ್ಬಕ್ಕೆ ಬಂದರೂ ಅವ್ವನ ಜೊತೆ ಮಾತಾಡಿ ಹಿಂದಿರುಗುತ್ತಿದ್ದಳು. ಅಪ್ಪ ಪಡಸಾಲೆಯಲ್ಲಿ ಉಂಡರೆ ಅವಳು ಅಡಿಗೆಮನೆಯಲ್ಲಿ ಉಣ್ಣುತ್ತಿದ್ದಳು.

*

“ಹೆಬ್ಬಟ್ಟು ಒತ್ತಸ್ರಿ,” ಎಂದ ಗುರಪ್ಪ. ಮಾತು ಅಷ್ಟರಲ್ಲಿ ಅವನ ಕಿವಿಗೂ ಬಿದ್ದಿತ್ತು. “ಇನ್ನ ಮಣ್ಣು ಮಾಡಿಲ್ಲಲ್ಲ. ಕೈ ಹೊರಗ ಐತಿ. ಮಸಿ ಇದ್ರ ಮುಗೀತು.”

“ಇಂಗ್ಲಿಷ್ ಮಾಸ್ತರಂದು ಹೆಬ್ಬಟ್ಟೇನೋ ಮಾರಾಯ?” ಎಂದ ಬಾಬುಲಾಲ. “ಕೂಡಿಸಿದ ಹೆಣ ಎದ್ದು ಬಡೀತೈತಿ.”

“ಮತ್ತೇನ್ ಮಾಡೂದು? ಹುಡುಗನ ಅನ್ನ ಅದು.”

ಕಾಂತು ದನಿ ತಗ್ಗಿಸಿದ. “ಅಕ್ಕಾ, ನಿಮ್ಮ ಅಕ್ಷರ ಮಾಸ್ತರ ಅಕ್ಷರದಂಗ ಐತಿ ಅಂತ ಅವರ ಹೇಳ್ತಿದ್ರು. ನೀವ ಒಂದು ಸಹಿ...”

“ಸತ್ತವರ ಸಹಿ ನಾ ಮಾಡಂಗಿಲ್ಲ.”

“ನಾ ಯಾರಿಗೂ ಹೇಳಂಗಿಲ್ಲ, ನನ್ನಾಣಿ.”

“ಕಾಂತು, ಖರೆ ಹೇಳ್ತೇನಿ ಕೇಳು,” ಎಂದಳು ಸುಜಾತಾ. “ಇದನ್ನ ಓದಿದಾಗಿಂದ ನನಗ ಆಗಿದ್ದು ನಿನಗೂ ಆಗ್ಲಿ ಅನಸಾಕತ್ತೈತಿ. ನೀ ಏನೂ ಮಾಡಿಲ್ಲ, ಗೊತ್ತೈತಿ. ಆದರೂ ಅನಸ್ತೈತಿ.”

ಕಾಂತು ನೆಲ ನೋಡಿದ. ಕಾಗದ ಅವಳ ಕೈಯಲ್ಲೇ ಇತ್ತು. ತಿರುಗಿ ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಒಳಗೆ ಭಜನೆಯವರು ತಾಳ ಹಾಕಲು ಶುರು ಮಾಡಿದರು.

ಸುಜಾತಾ ಮೂರನೆಯ ಸಲ ಓದಿದಳು. ಇದು ನನ್ನ ತಪ್ಪು. ಹತ್ತೊಂಬತ್ತು ಸಲ ಬರೆದಿದ್ದರು. ಅಂಥ ಕಷ್ಟದ ಮಾತೇನೂ ಅಲ್ಲ. ಒತ್ತಕ್ಷರ ಕೂಡ ಎರಡೇ.

“ಪೆನ್ನು ತಾ,” ಎಂದಳು.

ಹಿತ್ತಲ ಕಟ್ಟೆಯ ಮೇಲೆ ಕೂತು, ಕಾಂತುವಿನ ಫೈಲನ್ನೇ ತೊಡೆಯ ಮೇಲಿಟ್ಟುಕೊಂಡು, ಬೇರೆ ಹಾಳೆಯಲ್ಲಿ ಬರೆದಳು: ಲಗತ್ತಿಸಿದ ಹೇಳಿಕೆಯ ಅಕ್ಷರ ನನ್ನ ತಂದೆಯವರದು. ಸಹಿ ಮಾಡುವ ಮೊದಲು ಅವರು ಇಂದು ನಿಧನರಾಗಿದ್ದಾರೆ. ಮಗಳಾದ ನಾನು ಇದನ್ನು ದೃಢೀಕರಿಸುತ್ತೇನೆ.

“ನಡೀತೈತೋ ಇಲ್ಲೋ ಗೊತ್ತಿಲ್ಲ. ಇಷ್ಟ ನನ್ನ ಕಡಿಂದ ಆಗೂದು,” ಎಂದಳು. ಕೆಳಗೆ ಇಂಗ್ಲಿಷಿನಲ್ಲಿ, ದಿನಾ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾಡುವ ಹಾಗೆ, ಒಂದೇ ಎಳೆತದಲ್ಲಿ ಸಹಿ ಮಾಡಿದಳು.

“ಗುರುತಿನ ಪ್ರೂಫ್ ಬೇಕಾಗ್ತೈತಿ,” ಎಂದ ಬಾಬುಲಾಲ. “ಆಧಾರ್ ಕೊಡು ತಂಗಿ, ಮಣ್ಣಾದ ಮ್ಯಾಲ ಅಂಗಡಿ ತಗದು ಕಾಪಿ ಮಾಡಿ ಕೊಡ್ತೇನಿ.”

ಪರ್ಸಿನಿಂದ ಕಾರ್ಡು ತೆಗೆದು ಕೊಟ್ಟಳು. ಕಾಂತು ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದೆ ಸರಿದಳು.

ನಾಲ್ಕು ಗಂಟೆಗೆ ಹೆಣ ಎತ್ತಿದರು. ಊರ ದಾರಿಯಲ್ಲಿ ಶಾಲೆಯ ಮುಂದೆ ಎರಡು ನಿಮಿಷ ಇಳಿಸಿದರು. ಈಗಿನ ಹೆಡ್ ಮಾಸ್ತರರು ಒಂದು ಹಾರ ಹಾಕಿ, ಮುತ್ತಪ್ಪನವರು ಶಿಸ್ತಿನ ಶಿಕ್ಷಕರು ಎಂದು ನಾಲ್ಕು ಮಾತು ಆಡಿದರು. ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಜಂಗಮ ಅಯ್ಯನವರು ಬಿಲ್ವಪತ್ರಿ ಏರಿಸಿದ ಮೇಲೆ ಗುರಪ್ಪ, “ಮಗಳು ಮೊದಲ ಹಾಕ್ಲಿ,” ಎಂದ. ಸುಜಾತಾ ಮೂರು ಹಿಡಿ ಮಣ್ಣು ಹಾಕಿದಳು. ಕೈ ಝಾಡಿಸಿ ಹಿಂದೆ ಬಂದು ನಿಂತಳು. ಬಾಬುಲಾಲ ಕಾಂತುವನ್ನು ಬೈಕಿನ ಹಿಂದೆ ಕೂಡಿಸಿಕೊಂಡು ದೇವಣಗಾಂವದ ಕಡೆ ಹೊರಟ.

ಮರುದಿನ ಹನ್ನೊಂದೂವರೆಗೆ ವಿಜಯಪುರದಲ್ಲಿ ಕಾಂತುವಿನ ಕಾಗದಗಳನ್ನು ನೋಡಿದರು. ಮೇಜಿನಾಚೆಯ ಗುಮಾಸ್ತ ಮಾಸ್ತರರ ಹೇಳಿಕೆಯನ್ನು ಪೂರ್ತಿ ಓದಿ ತಲೆಯಾಡಿಸಿದ. ದೃಢೀಕರಣದ ಹಾಳೆಯನ್ನು ಓದಿ, ಅದಕ್ಕೆ ಪಿನ್ನು ಹಾಕಿದ್ದ ಆಧಾರ್ ಪ್ರತಿಯನ್ನು ತಿರುವಿ, ಎರಡನ್ನೂ ಪಕ್ಕಪಕ್ಕ ಇಟ್ಟ. ಸುಜಾತಾಳ ಸಹಿಯಲ್ಲಿ ಎಚ್ ಇತ್ತು. ಆಧಾರ್‌ನಲ್ಲಿ ಇರಲಿಲ್ಲ. ಅವನು ಕಾಗದಗಳನ್ನು ಮುದ್ರೆ ಒತ್ತದೆ ಫೈಲಿಗೆ ಹಾಕಿ ವಾಪಸ್ ಕೊಟ್ಟು, ಮುಂದಿನ ನಂಬರು ಕೂಗಿದ.