ಬಾಗಿಯ ಮೂಗು

ಬೋಳಾರದ ಹೆಂಚಿನ ಕಾರ್ಖಾನೆಯಲ್ಲಿ ಬಾಗಿಯದು ಸುಟ್ಟ ಹೆಂಚು ಆರಿಸುವ ಕೆಲಸ. ಬೆರಳ ಗೆಣ್ಣಿನಿಂದ ತಟ್ಟಿದಾಗ ಖಣ್ ಎಂದರೆ ಒಳ್ಳೆಯದು, ಬದ್ ಎಂದರೆ ಒಡಕು. ಹನ್ನೆರಡು ವರ್ಷದಲ್ಲಿ ಅವಳ ಕಿವಿ ತಪ್ಪಿದ್ದಿಲ್ಲ.

೧೯೩೮ರ ದೀಪಾವಳಿ ಕಳೆದ ಮೇಲೆ ಅವಳಿಗೆ ಒಣಕೆಮ್ಮು ಹಿಡಿಯಿತು. ಪಾದದ ಕೀಲು ಬಾತು, ಮೊಣಕಾಲ ಕೆಳಗೆ ನೋಯುವ ಕೆಂಪು ಗಂಟುಗಳೆದ್ದವು. ಕಣ್ಣು ಕೆಂಪಾಗಿ ಬೆಳಕು ಚುಚ್ಚತೊಡಗಿತು. ಅಷ್ಟನ್ನೂ ಸೀರೆ, ಸೆರಗಿನಲ್ಲಿ ಮರೆಸಿ ದುಡಿದಳು. ಮೂಗಿನ ತುದಿ ನೇರಳೆ ಬಣ್ಣಕ್ಕೆ ತಿರುಗಿ ದಪ್ಪಗಾದಾಗ ಮಾತ್ರ ಮರೆಸಲಿಕ್ಕಾಗಲಿಲ್ಲ. ಮೇಸ್ತ್ರಿ ಶೀನಪ್ಪ ದೂರದಿಂದಲೇ ನೋಡಿ, ಇದು ಕುಷ್ಠ, ನಾಳೆಯಿಂದ ಬರಬೇಡ ಎಂದ.

ಬಾಗಿ ಅತ್ತಾವರದ ಡುಲ್ಸಿನ್ ಬಾಯಿಯ ಹತ್ತಿರ ಹೋದಳು. ಅವರು ಮದರಾಸಿನಲ್ಲಿ ಕಲಿತ ಡಾಕ್ಟರು. ಗಂಟುಗಳನ್ನು ಹತ್ತಿಯಿಂದ ಸವರಿದರು, ಸೂಜಿಯಿಂದ ಚುಚ್ಚಿದರು. ಸವರಿದ್ದು, ಚುಚ್ಚಿದ್ದು ಎಲ್ಲವೂ ಬಾಗಿಗೆ ತಿಳಿಯಿತು. ಕಫದಲ್ಲಿ ಕ್ಷಯದ ಕ್ರಿಮಿ ಕಾಣಲಿಲ್ಲ, ಮೂಗಿನ ಚರ್ಮದಲ್ಲಿ ಕುಷ್ಠದ್ದೂ ಇಲ್ಲ. ಗಂಟಿನ ಚೂರೊಂದು ಮದರಾಸಿಗೆ ಹೋಗಿ ತಿಂಗಳ ಮೇಲೆ ಉತ್ತರ ಬಂತು.

"ಇದಕ್ಕೆ ಸಾರ್ಕಾಯ್ಡ್ ಅಂತ ಹೇಳ್ತಾರೆ. ಚರ್ಮ, ಕಣ್ಣು, ಶ್ವಾಸಕೋಶ, ಕೀಲು, ಎಲ್ಲ ಕಡೆ ಒಂದೇ ಕಾಯಿಲೆ. ಒಬ್ಬರಿಂದ ಒಬ್ಬರಿಗೆ ಅಂಟಿದ್ದು ಯಾರೂ ಕಂಡಿಲ್ಲ. ಯಾಕೆ ಬರ್ತದೆ, ನನಗೂ ಗೊತ್ತಿಲ್ಲ ಬಾಗಿ."

ಗೊತ್ತಿಲ್ಲ ಎಂದು ಒಪ್ಪಿದವರ ಉಳಿದ ಮಾತನ್ನು ನಂಬಬಹುದು ಎನಿಸಿತು ಬಾಗಿಗೆ.

ಇದು ಕುಷ್ಠವಲ್ಲ ಎಂದು ಡುಲ್ಸಿನ್ ಬಾಯಿ ಬರೆದುಕೊಟ್ಟ ಕಾಗದವನ್ನು ಶೀನಪ್ಪ ಕೈಯಲ್ಲಿ ಹಿಡಿಯಲೂ ಇಲ್ಲ. ಇಂಗ್ಲಿಷಿನಲ್ಲಿ ಎಂತ ಬೇಕಾದರೂ ಬರೆಯಬಹುದು ಎಂದ. ಬಾಗಿ ಅಲ್ಲಿಂದ ಕದಲಲಿಲ್ಲ.

"ಶೀನಪ್ಪಣ್ಣ, ಕಪ್ಪಾಗಿದೆ ಅಂತ ಹೆಂಚು ಬಿಸಾಡಿದರೆ ನೀವೇ ಬೈತೀರಿ, ತಟ್ಟಿ ನೋಡು ಅಂತ. ನನ್ನನ್ನೂ ನೋಡಿ. ಕುಷ್ಠದ ಕಲೆಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ, ಅದು ನಿಮಗೂ ಗೊತ್ತುಂಟಲ್ಲ."

ಎಲ್ಲ ಹೆಂಗಸರ ಎದುರು ಸೆರಗಿನಿಂದ ಕಣ್ಣು ಕಟ್ಟಿ ಕಾಲು ಚಾಚಿ ಕೂತಳು. ಶೀನಪ್ಪ ಕಸ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ಮಾರು ದೂರ ನಿಂತು ಗಂಟುಗಳನ್ನು ಮುಟ್ಟತೊಡಗಿದ.

"ಎಡಗಾಲು. ಬಲಗಾಲು, ಕೆಳಗೆ. ಮೂಗು." ಬಾಗಿ ಹೇಳುತ್ತ ಹೋದಳು.

ಅವನು ಕಡ್ಡಿಯನ್ನು ಗಾಳಿಯಲ್ಲೇ ಹಿಡಿದು, ಈಗ ಎಲ್ಲಿ ಎಂದು ಕೇಳಿದ.

"ಈಗ ಎಲ್ಲಿಯೂ ಇಲ್ಲ. ಆಟ ಆಡ್ಬೇಡಿ ಮಾರಾಯ್ರೆ."

ಹೆಂಗಸರು ಕಿಸಕ್ಕನೆ ನಕ್ಕರು. ಶೀನಪ್ಪ ಕಡ್ಡಿ ಬಿಸಾಡಿ, ಆಯಿತು, ಆದರೆ ಆ ಮುಖ ಕಂಡರೆ ಜನ ಹೆದರುತ್ತಾರೆ, ಸೆರಗು ಹೊದ್ದು ಮೂಲೆಯಲ್ಲಿ ಕೂತು ಕೆಲಸ ಮಾಡು ಎಂದ.

ಬಾಗಿ ಕಟ್ಟು ಬಿಚ್ಚಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹೆದರುವವರು ಆಚೆ ನೋಡಲಿ."

ಮೂಲೆಗೆ ಹೋಗದೆ ತನ್ನ ಹಳೆಯ ಜಾಗಕ್ಕೇ ಬಂದಳು. ಪಕ್ಕದಲ್ಲಿ ಹೆಂಚು ತಟ್ಟುವ ಮುದ್ದು ಎಂಬವಳು ಒಂದು ಗೇಣು ಆಚೆ ಸರಿದು ಕೂತಳು. ಬಾಗಿಗೆ ಕೆಮ್ಮು ಬಂತು. ತಡೆಯದೆ, ಪೂರ್ತಿ ಕೆಮ್ಮಿ, ಒಂದು ಹೆಂಚು ಎತ್ತಿಕೊಂಡಳು.