ಮಗ್ಗದವರ ಕೈಮಾತು

"ಅಲ್ಲಬೇ, ಏಳರ ಬಸ್ಸಿಗೆ ಐದಕ್ಕ ತಲಿ ಬಾಚ್ಕೊಂಡ ಕುಂತೀಯಲ್ಲ, ಜಮಖಂಡಿಗೆ ಹೊಂಟೀಯೋ, ಬೀಗರ ಮನಿಗೆ ಹೊಂಟೀಯೋ?" ಹೊಸ್ತಿಲ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ ತಂಗೆವ್ವ ಸೊಸೆಯನ್ನು ಕೇಳಿದಳು.

"ಸಭಾಕ್ಕ ಹೊಂಟೀನ್ರಿ ಅತ್ತಿ."

"ಗುಡಿಯಾಗ ಪುರಾಣ ಹಚ್ಚಿದ್ರ ಕಂಬಕ್ಕ ಆತು ತೂಕಡಸಾಕಿ ನೀನು. ನಿನಗ್ಯಾವ ಸಭಾ?"

ದಾನಮ್ಮ ನಕ್ಕಳು. ಇವತ್ತು ಯಾರು ಏನಂದರೂ ಅವಳಿಗೆ ತಾಗುವಂತಿರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಮಗಳ ಕಿವಿ ತಪಾಸಣೆಯ ಚೀಟಿ, ಒಂಬತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡು, ಇಬ್ಬರ ಆಧಾರ್, ಎರಡು ಫೋಟೊ. ಬೆಳಗಿನಿಂದ ನಾಲ್ಕು ಸಲ ತೆಗೆದು ನೋಡಿದ್ದಳು. ಎದೆಯೊಳಗೆ ನೂಲಿನ ಕಂಡಿಕೆ ಸುತ್ತುವ ರಾಟಿಯನ್ನು ಯಾರೋ ತಿರುಗಿಸಿ ಬಿಟ್ಟಂತೆ, ಅದು ನಿಲ್ಲಲೊಲ್ಲದು.

ಸಂಧ್ಯಾ ಹೊರಗೆ ಬಂದಳು. ಹದಿನಾರು ವರ್ಷದ ಹುಡುಗಿ, ಬಿಗಿಯಾಗಿ ಹೆಣೆದ ಜಡೆ. ತಾಯಿಯನ್ನು ದಾಟಿ ಅವಳ ಕಣ್ಣು ಅಪ್ಪನ ಮೇಲೆ ನಿಂತಿತು. ಈಶ್ವರ ತನ್ನ ಎದೆ ಮುಟ್ಟಿಕೊಂಡು, ಆಮೇಲೆ ಬಸ್ಸಿನ ಹಾದಿಯತ್ತ ಬೆರಳು ಮಾಡಿದ. ನನ್ನ ಸಲುವಾಗಿ ಹೋಗಿ ಬಾ ಎಂದು. ಹುಡುಗಿ ತಲೆಯಾಡಿಸಿ ಮುಂದೆ ನಡೆದಳು. ದಾನಮ್ಮ ಸೆರಗು ಸಿಕ್ಕಿಸಿಕೊಂಡು ಅವಳ ಬೆನ್ನು ಹತ್ತಿದಳು.

ಬನಹಟ್ಟಿಯ ಬಸ್ಸಿನಲ್ಲಿ ಸಂಧ್ಯಾ ಕಿಟಕಿಗೆ ಮುಖ ಕೊಟ್ಟು ಕುಳಿತಳು. ಜಮಖಂಡಿ ಬರುವವರೆಗೂ ಕಬ್ಬು ನೋಡಿದಳು. ಎರಡು ತಿಂಗಳಿಂದ ಹೀಗೇ. ಬೇರೆ ಮಕ್ಕಳು ತಾಯಿಯ ಮೇಲೆ ಸಿಟ್ಟಾದರೆ ಮಾತು ಬಿಡುತ್ತಾರೆ, ಆದರೆ ತಾಯಿಯ ಮಾತು ಅವರ ಕಿವಿಗೆ ಬಿದ್ದೇ ಬೀಳುತ್ತದೆ. ಸಂಧ್ಯಾ ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ದಾನಮ್ಮ ಹೇಳಿದ್ದು, ಬೈದದ್ದು, ಬೇಡಿಕೊಂಡದ್ದು ಯಾವುದೂ ಅವಳನ್ನು ಮುಟ್ಟುತ್ತಿರಲಿಲ್ಲ.

ಅವಳ ಎರಡೂ ಕಿವಿ ಮುಕ್ಕಾಲು ಪಾಲು ಕೇಳುವುದಿಲ್ಲ ಎಂಬುದು ಮನೆಯವರಿಗೆ ತಿಳಿದದ್ದು ಹೋದ ತಿಂಗಳು. ಹುಟ್ಟಿನಿಂದ ಬಂದದ್ದಲ್ಲ, ವರ್ಷ ವರ್ಷ ಇಳಿಯುತ್ತ ಹೋಗಿದೆ, ಇಷ್ಟು ದಿನ ಹೆತ್ತವರು ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದ್ದರು. ದಾನಮ್ಮನ ಬಳಿ ಉತ್ತರ ಇತ್ತು. ಆದರೆ ಮಗ್ಗದ ಮನೆ ಕಾಣದವರಿಗೆ ಅದನ್ನು ಹೇಗೆ ಹೇಳಬೇಕೋ ತಿಳಿದಿರಲಿಲ್ಲ.

ಮಾಲಕರ ಶೆಡ್ಡಿನಲ್ಲಿ ಹನ್ನೆರಡು ಪಾವರ್‌ಲೂಮು. ಈಶ್ವರ ನಾಲ್ಕನ್ನು ನೋಡಿಕೊಳ್ಳುತ್ತಿದ್ದ, ದಾನಮ್ಮ ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಹನ್ನೆರಡೂ ಓಡುತ್ತಿದ್ದರೆ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳದು. ಹಾಗಾಗಿ ಅಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ತುಟಿ ನೋಡಿ ಮಾತು ಹಿಡಿಯುವುದು, ಕೈಯಲ್ಲಿ ಹೇಳುವುದು. ಎರಡು ತೋರುಬೆರಳು ಕೂಡಿಸಿ ಬಿಟ್ಟರೆ ಎಳೆ ಕಡಿದಿದೆ ಎಂದು. ಹೆಬ್ಬೆರಳು ತುಟಿಗೆ ಇಟ್ಟರೆ ಚಹಾ. ಮೀಸೆ ತಿರುವಿ ಕಣ್ಣು ವಾರೆ ಮಾಡಿದರೆ ಮಾಲಕ ಬಂದ. ಗಾಳಿಯಲ್ಲಿ ರಾಟಿ ತಿರುಗಿಸಿದರೆ, ಕೆಲಸ ಮಾಡಿದಂತೆ ಮಾಡು. ಸಂಧ್ಯಾ ಆ ಗದ್ದಲದಲ್ಲೇ ಜೋಳಿಗೆಯಲ್ಲಿ ಮಲಗಿ ಬೆಳೆದವಳು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಯಾರ ತುಟಿ ಅಲುಗಿದರೂ ಹಿಡಿಯುತ್ತಿದ್ದಳು. ಅಂಥ ಚುರುಕು ಹುಡುಗಿಗೆ ಕಿವಿ ಕೇಳುವುದಿಲ್ಲ ಎಂದರೆ ಯಾರು ನಂಬಬೇಕು?

ಕರೆಂಟು ಹೋದಾಗ ಮಾತ್ರ ಎಲ್ಲ ತಿರುಗುಮುರುಗು. ಮಗ್ಗ ನಿಂತು, ಉಳಿದವರಿಗೆಲ್ಲ ಕಿವಿ ಬರುತ್ತಿತ್ತು. ಎಲ್ಲರೂ ಬೆನ್ನ ಹಿಂದಿನಿಂದ ಮಾತಾಡುತ್ತಿದ್ದರು. ಸಂಧ್ಯಾ ಯಾರಿಗೂ ಓಗೊಡುತ್ತಿರಲಿಲ್ಲ. "ಕರೆಂಟ್ ಹೋದ್ರ ಈಕಿಗೆ ಸೊಕ್ಕ ಬರತೈತಿ" ಎಂದು ತಂಗೆವ್ವ ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ವರ್ಷಗಟ್ಟಲೆ ನಕ್ಕರು.

ಎರಡು ತಿಂಗಳ ಹಿಂದೆ ಒಂದು ದಿನ ಹೀಗೇ ಕರೆಂಟು ಹೋಗಿತ್ತು. ಕಂಡಿಕೆ ಡಬ್ಬಿ ತಾ ಎಂದು ದಾನಮ್ಮ ಮೂರು ಸಲ ಕರೆದಳು. ಹುಡುಗಿ ತಿರುಗಲಿಲ್ಲ. "ನಿನ್ನ ಮಗಳ ಮುಂದ ನಿನ್ನ ಬೆಲಿ ಇಷ್ಟ ನೋಡ ದಾನಮ್ಮ" ಎಂದು ಪಕ್ಕದ ಮಗ್ಗದ ಪಾಂಡಪ್ಪ ಕಿಸಕ್ಕೆಂದ. ದಾನಮ್ಮ ಎದ್ದು ಹೋಗಿ ಕಪಾಳಕ್ಕೆ ಹೊಡೆದಳು. ಮಗ್ಗ ನಿಂತಿತ್ತಲ್ಲ, ಆ ಏಟು ಶೆಡ್ಡಿಗೆಲ್ಲ ಕೇಳಿತು. ಸಂಧ್ಯಾ ಕೆನ್ನೆ ಹಿಡಿದುಕೊಂಡು ನೋಡಿದ ನೋಟದಲ್ಲಿ ಸಿಟ್ಟು ಇರಲಿಲ್ಲ. ಯಾಕೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಅದೇ ಕೊನೆ, ಮತ್ತೆ ತಾಯಿಯನ್ನು ನೋಡಲಿಲ್ಲ. ನಾಲ್ಕು ದಿನಕ್ಕೆ ಸಾಲಿಯನ್ನೂ ಬಿಟ್ಟಳು. ಹುಡುಕಿಕೊಂಡು ಮನೆಗೆ ಬಂದ ವಿಜ್ಞಾನದ ಮೇಡಂ, ತಾವು ಬೋರ್ಡಿನ ಕಡೆ ತಿರುಗಿದಾಗ ಈಕೆಗೆ ಪಾಠ ಹತ್ತುವುದಿಲ್ಲ, ಕಿವಿ ತೋರಿಸಿ ಎಂದು ಹೇಳಿ ಹೋದರು.

ತೋರಿಸಲು ಹೋದಾಗ ಡಾಕ್ಟರ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಕಿವಿ ಕೇಳದ ಮಕ್ಕಳ ಪಾಲಕರು ಪ್ರತಿ ಎರಡನೇ ಶನಿವಾರ ಕೂಡುತ್ತಾರೆ ಎಂದು, ಕೆಳಗೆ ಒಂದು ನಂಬರು. ದಾನಮ್ಮ ಫೋನು ಮಾಡಿದಾಗ ಅನುರಾಧಾ ಎಂಬ ಹೆಂಗಸು ಎತ್ತಿದಳು. "ನನ್ನ ಮಗಗೂ ಕಿವಿ ಕೇಳಂಗಿಲ್ರಿ ಅಕ್ಕಾ. ಹತ್ತ ವರ್ಷ ಒಬ್ಬಾಕಿನ ಕುಂತ ಅತ್ತೀನಿ. ನೀವ ಅಷ್ಟ ದಿನ ಅಳಬ್ಯಾಡ್ರಿ, ಮಗಳನ್ನ ಕರಕೊಂಡ ಬರ್ರಿ." ಆ ದಿನದಿಂದ ದಾನಮ್ಮ ಶನಿವಾರ ಎಣಿಸಿದ್ದಳು.

ಜಮಖಂಡಿಯ ಒಂದು ಸಾಲಿಯ ಹಿಂದಿನ ಕೋಣೆ. ಸಣ್ಣ ಮಕ್ಕಳ ಬೆಂಚುಗಳಲ್ಲಿ ಹತ್ತು ಹನ್ನೆರಡು ದೊಡ್ಡವರು ಮೊಣಕಾಲು ಮಡಚಿಕೊಂಡು ಕುಳಿತಿದ್ದರು. ಅನುರಾಧಾ ಐವತ್ತರ ಹತ್ತಿರದವಳು, ಹೆಗಲಿಗೆ ಅಕ್ಕಿಚೀಲದಂಥ ಬ್ಯಾಗು. ಸಂಧ್ಯಾಳ ಎದುರು ಬಂದು, ಮುಖ ಬೆಳಕಿಗೆ ತಿರುಗಿಸಿಕೊಂಡು, "ಚಹಾ ಕುಡೀತಿಯೇನವಾ?" ಎಂದು ನಿಧಾನ ಕೇಳಿದಳು. ಸಂಧ್ಯಾ ಒಲ್ಲೆನೆಂದು ತಲೆಯಾಡಿಸಿ ಕಿಟಕಿಯ ಬೆಂಚಿಗೆ ಹೋಗಿ ಹೊರಗೆ ನೋಡುತ್ತ ಕುಳಿತಳು.

ಅನುರಾಧಾ ಕಾಗದ ನೋಡಿ ಒಂದೊಂದೇ ಹೇಳುತ್ತ ಹೋದಳು. ಸರ್ಟಿಫಿಕೇಟು ಎಲ್ಲಿ ಮಾಡಿಸಬೇಕು, ಕಿವಿ ಮಷೀನಿಗೆ ಅರ್ಜಿ ಯಾರಿಗೆ, ಪರೀಕ್ಷೆಯಲ್ಲಿ ಹೆಚ್ಚಿನ ಟೈಮು ಕೇಳುವುದು ಹೇಗೆ. "ಬೋರ್ಡ ಕಡೆ ಮಾರಿ ಮಾಡಿ ಪಾಠ ಹೇಳಬ್ಯಾಡ್ರಿ ಅಂತ ಸಾಲಿಗೆ ಒಂದ ಪತ್ರ ಬರದ ಕೊಡ್ತೀವಿ."

"ಹಂಗ ಬರೀಬಹುದೇನ್ರಿ?"

"ಬರೀಬಹುದ್ರಿ."

"ಮಾಸ್ತರ್‌ಗೆ? ಹಿಂಗ ನಿಂದ್ರು ಅಂತ?"

ದಾನಮ್ಮ ಕೇಳಿದ್ದನ್ನೇ ಕೇಳಿದಳು. ಮಷೀನು ಹಾಕಿದರೆ ನೋವಾಗುತ್ತದೋ, ಬೆವರಿಗೆ ಕೆಡುತ್ತದೋ, ಮಗ್ಗದ ಮನೆಯಲ್ಲಿ ಹಾಕಬಹುದೋ. ಚಹಾ ಮುಂದೆಯೇ ಆರಿ ಕೆನೆಗಟ್ಟಿತು. ಮುಂದಿನ ಬೆಂಚಿನ ದೊಡ್ಡ ಮೀಸೆಯ ಮನುಷ್ಯ ತಿರುಗಿದ. ಹಿಪ್ಪರಗಿಯ ಕಬ್ಬಿನ ರೈತ ಚನಮಲ್ಲಪ್ಪ. "ಅಕ್ಕಾರ, ನಡುವ ಉಸರರೆ ತಗೋರಿ. ಬಸ್ಸ ಇನ್ನೂ ಮೂರ ತಾಸ ಐತಿ." ಎಲ್ಲರೂ ನಕ್ಕರು, ದಾನಮ್ಮನೂ ನಕ್ಕಳು.

ಹೊಸದಾಗಿ ಬಂದವರು ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಒಮ್ಮೆ ಹೇಳುವುದು ರೂಢಿಯಂತೆ. "ಒತ್ತಾಯ ಇಲ್ರಿ," ಅನುರಾಧಾ ಅಂದಳು. "ಆದ್ರ ಇಲ್ಲಿ ಯಾರೂ ನ್ಯಾಯ ಮಾಡಂಗಿಲ್ಲ."

ದಾನಮ್ಮ ಎದ್ದು ನಿಂತಳು. ಶೆಡ್ಡಿನಿಂದ ಶುರು ಮಾಡಿದಳು. ಹನ್ನೆರಡು ಮಗ್ಗ, ಜೋಳಿಗೆ, ಗದ್ದಲ. ಬಾಯಿ ಹೇಳುತ್ತಿದ್ದುದನ್ನು ಕೈಗಳೂ ಹೇಳುತ್ತಿದ್ದವು. ಅದು ಅವಳಿಗೆ ಗೊತ್ತೇ ಇರಲಿಲ್ಲ, ಮಗ್ಗದವರ ಕೈ ಹಾಗೇ. ಎಳೆ ಕಡಿಯಿತು, ಚಹಾ ಬಂತು, ಮಾಲಕ ಬಂದ. ಕರೆಂಟು ಹೋಯಿತು. ಅಲ್ಲಿಗೆ ಅವಳ ಅಂಗೈ ಗಾಳಿಯಲ್ಲಿ ಎದ್ದು ನಿಂತುಬಿಟ್ಟಿತು. ಅದನ್ನು ಕೆಳಗಿಳಿಸಲು ಆಗಲಿಲ್ಲ.

"ಹೊಡದ್ನಿರಿ," ಅಂದಳು. "ಎಲ್ಲಾರ ಮುಂದ. ಕೇಳದಾಕಿಗೆ, ಕೇಳಲಿಲ್ಲ ಅಂತ ಹೊಡದ್ನಿ."

ಕೋಣೆ ಸುಮ್ಮನಾಯಿತು. ಕರೆಂಟು ಹೋದ ಶೆಡ್ಡಿನಲ್ಲಿ ಇಂಥದೇ ನಿಶ್ಶಬ್ದ ಬರುತ್ತದೆ. ಎಲ್ಲವೂ ಕೇಳುವ ಆ ಹೊತ್ತಿಗೆ ದಾನಮ್ಮ ಈಗೀಗ ಹೆದರುತ್ತಿದ್ದಳು.

ಚನಮಲ್ಲಪ್ಪ ತನ್ನ ಮೊಣಕಾಲು ನೋಡುತ್ತ ಹೇಳಿದ: "ನಾ ಬಾರಕೋಲ ತಗೊಂಡಿದ್ನಿರಿ. ಟ್ರ್ಯಾಕ್ಟರ್ ಹಾರ್ನ್ ಹೊಡದ್ರೂ ಹಾದಿ ಬಿಟ್ಟ ಸರೀಲಿಲ್ಲಂತ. ಆರ ವರ್ಷದಾಕಿ ಇದ್ಲು." ಪಕ್ಕದಲ್ಲಿದ್ದ ಮಗಳ ತಲೆಯ ಮೇಲೆ ಕೈಯಿಟ್ಟ. "ಈಗ ಹದಿನಾಲ್ಕು. ಊಟ, ನೀರ, ಬಾ, ಹೋಗು. ಇಷ್ಟ ಹೇಳಾಕ ಬರತೈತಿ ನನಗ ಆಕಿಗೆ."

ಆ ಹುಡುಗಿ, ಶೇವಂತಿ, ಅಪ್ಪನ ಕೈಯನ್ನು ಸರಿಸಿದಳು. ಅವಳ ಕಣ್ಣು ದಾನಮ್ಮನ ಕೈಗಳಿಗೆ ಅಂಟಿತ್ತು. ಮೆಲ್ಲಗೆ ಎದ್ದು, ಇಲ್ಲದ ಮೀಸೆಯನ್ನು ತಿರುವಿದಳು. ಆಮೇಲೆ ಅಪ್ಪನ ಮೀಸೆಯತ್ತ ಬೆರಳು ಮಾಡಿದಳು. ಕೋಣೆಗೆ ಕೋಣೆಯೇ ನಕ್ಕಿತು. ಚನಮಲ್ಲಪ್ಪನಂತೂ ಕಣ್ಣೊರೆಸಿಕೊಳ್ಳುತ್ತ ನಕ್ಕ. "ನೋಡ್ರಿ, ಮೊದಲನೇ ಮಾತ ನನ್ನ ಮ್ಯಾಲ."

ಆಗ ಕಿಟಕಿಯ ಬೆಂಚು ಕಿರ್ರೆಂದಿತು. ಸಂಧ್ಯಾ ಎದ್ದು ಬಂದಳು. ಶೇವಂತಿಯ ಮಣಿಕಟ್ಟು ಹಿಡಿದು, ಹಾಗಲ್ಲ ಎಂದು ತಲೆಯಾಡಿಸಿ, ತಾನು ಮೀಸೆ ತಿರುವಿ, ಕಣ್ಣು ವಾರೆ ಮಾಡಿ ತೋರಿಸಿದಳು. ಬರೀ ಮೀಸೆ ಸಾಲದು, ಮಾಲಕ ಯಾವ ದಿಕ್ಕಿನಿಂದ ಬರುತ್ತಿದ್ದಾನೆ ಎಂದು ಕಣ್ಣು ಹೇಳಬೇಕು. ಶೇವಂತಿ ಮಾಡಿದಳು. ಸಂಧ್ಯಾ ತಿದ್ದಿದಳು. ಇಬ್ಬರೂ ಬಾಗಿಲ ಬಳಿ ಹೋದರು. ಚಹಾ, ಎಳೆ, ರಾಟಿ, ಮತ್ತೆ ಮೀಸೆ. ನಗು.

ದಾನಮ್ಮ ಬೆಂಚಿನ ಅಂಚು ಹಿಡಿದುಕೊಂಡಳು. ತಿದ್ದಬೇಕಾದರೆ ಮೊದಲು ನೋಡಿರಬೇಕು. ಹೊರಗೆ ನೋಡುತ್ತಿದ್ದಾಳೆ ಅಂದುಕೊಂಡಿದ್ದಳಲ್ಲ, ಇವಳು ಒಳಗೆ ನೋಡಿದ್ದಳು. ಮೀಸೆ ನೋಡಿದವಳು, ಗಾಳಿಯಲ್ಲಿ ನಿಂತ ಅಂಗೈಯನ್ನೂ ನೋಡಿದ್ದಳು.

"ಎಲ್ಲಿ ಕಲತ್ರಿ ಇದನ್ನ?" ಅನುರಾಧಾ ಕೇಳಿದಳು.

"ಕಲತದ್ದಲ್ರಿ. ಮಗ್ಗ ಬಾಯಿ ತಿಂತಾವು, ಕೈಯಷ್ಟ ಉಳೀತಾವು."

"ಖರೆ ಸನ್ನೆ ಭಾಷಾ ಬ್ಯಾರೆ ಐತ್ರಿ. ಅದನ್ನ ಕಲಿಸಾಕ ಮುಂದಿನ ತಿಂಗಳಿಂದ ಒಬ್ಬರು ಬರ್ತಾರ. ಆದ್ರ ನಮ್ಮ ಮಂದಿಗೆ ಕೈ ಎತ್ತಾಕ ನಾಚಿಕಿ. ಬಸ್ಸಿನ್ಯಾಗ ಮಗನ ಜೋಡಿ ಸನ್ನಿ ಮಾಡಾಕ ನಾನೂ ಎಷ್ಟ ವರ್ಷ ನಾಚಿದೆ. ನೀವು ಒಂದ ತಾಸ ಮೊದಲ ಬಂದ ಈ ನಾಚಿಕಿ ಬಿಡಸ್ರಿ."

"ನಾನಾ? ನಾ ನಾಕನೇ ಇಯತ್ತೆ ಓದೇನ್ರಿ."

"ಕೈಗೆ ಯಾವ ಇಯತ್ತೆ ಬಿಡ್ರಿ," ಚನಮಲ್ಲಪ್ಪ ಅಂದ. "ನನ್ನ ಹೆಸರ ಮೊದಲ ಬರಕೋರಿ."

ಮಧ್ಯಾಹ್ನದ ಬಸ್ಸು ಸಂತೆಯಾಗಿತ್ತು. ಸಂಧ್ಯಾ ಮುಂದಿನ ಬಾಗಿಲಿನಿಂದ ಹತ್ತಿದಳು, ದಾನಮ್ಮನನ್ನು ಜನ ಹಿಂದಿನ ಬಾಗಿಲಿಗೆ ನೂಕಿದರು. ನಡುವೆ ಚೀಲ, ಬುಟ್ಟಿ, ತಲೆಗಳು. ದಾನಮ್ಮ ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದರಲ್ಲಿ ಕವರು ಹಿಡಿದು ನಿಂತಳು. ಅದರೊಳಗೆ ಈಗ ಸಾಲಿಗೆ ಕೊಡುವ ಪತ್ರವೂ ಇತ್ತು. ಈಶ್ವರನಿಗೆ ಮೊದಲು ಯಾವುದು ಹೇಳಲಿ, ಅತ್ತೆಗೆ ಹೇಗೆ ಹೇಳಲಿ ಎಂದು ಮನಸ್ಸು ಅಲ್ಲಿಂದಿಲ್ಲಿಗೆ ಓಡುತ್ತಿತ್ತು. ಡ್ರೈವರನ ಹಿಂದೆ ಮಗಳ ಜಡೆ ಕಾಣುತ್ತಿತ್ತು. ಜಡೆಯಷ್ಟೇ.

ಬಸ್ಸು ಊರು ದಾಟಿತು. ಜಡೆ ಸರಿಯಿತು. ಮುಖ ಬಂತು.

ಸಂಧ್ಯಾ ಅಷ್ಟೂ ತಲೆಗಳ ನಡುವೆ ಯಾರನ್ನೋ ಹುಡುಕಿದಳು. ಕಣ್ಣು ದಾನಮ್ಮನ ಮೇಲೆ ಬಂದು ನಿಂತಿತು. ಎರಡು ತಿಂಗಳ ನಂತರ ನಿಂತಿತು. ಹುಡುಗಿ ಬೆರಳೆತ್ತಿ ಮೀಸೆ ತಿರುವಿ, ಕಣ್ಣನ್ನು ತಾಯಿಯ ಎಡಭುಜದ ಹಿಂದಕ್ಕೆ ವಾರೆ ಮಾಡಿದಳು.

ದಾನಮ್ಮ ತಿರುಗಿ ನೋಡಿದಳು. ಕಂಡಕ್ಟರು ಜನರನ್ನು ಸೀಳಿಕೊಂಡು ಬರುತ್ತಿದ್ದ.

"ಯಕ್ಕಾ, ಇದನ್ನೊಂದೀಟ ಹಿಡೀರಿ," ಎಂದು ಕೆಳಗೆ ಕುಳಿತ ಅಪರಿಚಿತ ಹೆಂಗಸಿನ ಮಡಿಲಿಗೆ ಕವರನ್ನು ಹಾಕಿದಳು. ಸರಳು ಬಿಟ್ಟಳು.

"ಬಿದ್ದೀಬೇ, ಹಿಡ್ಕೋ," ಆ ಹೆಂಗಸು ಅಂದಳು.

ಬಸ್ಸು ತಿರುವಿನಲ್ಲಿ ವಾಲಿತು. ದಾನಮ್ಮ ಕಾಲು ಅಗಲಿಸಿ ನಿಂತು, ಎರಡೂ ಕೈ ಮೇಲೆತ್ತಿ, ಗಾಳಿಯಲ್ಲಿ ರಾಟಿ ತಿರುಗಿಸಿದಳು.

"ಅಕ್ಕಾರ, ಆಧಾರ್ ತಗೀರಿ," ಕಂಡಕ್ಟರು ಅಂದ. "ಅಕ್ಕಾರ, ನಿಮಗ ಹೇಳಾಕತ್ತೇನಿ."

ಮುಂದೆ, ಡ್ರೈವರನ ಹಿಂದೆ, ಸಂಧ್ಯಾ ಗಂಭೀರ ಮುಖ ಮಾಡಿಕೊಂಡು, ಇಲ್ಲದ ನೂಲನ್ನು ಇಲ್ಲದ ಕಂಡಿಕೆಗೆ ಬಿಡುವಿಲ್ಲದೆ ಸುತ್ತುತ್ತಿದ್ದಳು.