ಬಲಕ್ಕೆ ಚಾಚಿದ ಕೈ

ನಾನೂ ಅಕ್ಕನೂ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಯಾರು ಜೊತೆಗಿರಬೇಕೆಂದು ಶುರುವಾದದ್ದು, ಮಾತಿಗೆ ಮಾತು ಬೆಳೆದು ಅಲ್ಲಿಗೆ ಮುಟ್ಟಿತ್ತು. ಆದರೂ ದಿನಾ ಬೆಳಿಗ್ಗೆ ಅವಳ ಮುಖ ನೋಡುತ್ತಿದ್ದೆ. ಹಳದಿ ಚೀಲದಲ್ಲಿ ಬಟ್ಟೆ ತುಂಬಿಕೊಂಡು ನಾನು ಸೈಕಲ್ಲಿನಲ್ಲಿ ಹೊಲಿಗೆ ಅಂಗಡಿಗೆ ಹೋಗುವಾಗ, ಅವಳು ಎದುರಿನಿಂದ ಸಿಟಿ ಬಸ್ಸು ಓಡಿಸಿಕೊಂಡು ಬರುತ್ತಿದ್ದಳು. ನನ್ನನ್ನು ಕಂಡರೆ ಮೂತಿ ತಿರುಗಿಸುತ್ತಿದ್ದಳು, ಸರಿ. ತಿರುಗಿಸುವುದಕ್ಕಾದರೂ ಮೊದಲು ನೋಡಬೇಕಲ್ಲ!

ಆಮೇಲೆ ಆ ಬೀದಿಯನ್ನು ಏಕಮುಖ ಮಾಡಿದರು. ಅವಳ ಬಸ್ಸೂ ನಾನು ಹೋಗುವ ದಿಕ್ಕಿಗೇ, ನನ್ನ ಬೆನ್ನ ಹಿಂದೆ ಬರಬೇಕಾಯಿತು. ಮುಖಗಳೆಲ್ಲ ಮಾಯವಾಗಿ ಬರೀ ಸದ್ದು ಉಳಿಯಿತು. ನನಗೋ ತಡೆಯಲಾರದ ಕುತೂಹಲ. ಯಾರು ಹೇಗೆ ಬರುತ್ತಾರೆಂದು ಕಿವಿಗೊಟ್ಟು ಕೇಳತೊಡಗಿದೆ. ಆಟೋದವನು ಹಾರನ್ ಹೊಡೆದ ಮೇಲೆ ಬ್ರೇಕು ಹಾಕುತ್ತಾನೆ. ಹಾಲಿನ ವ್ಯಾನಿನವನು ಎರಡನ್ನೂ ಮಾಡುವುದಿಲ್ಲ, ನಾನೇ ಪಕ್ಕಕ್ಕೆ ಸರಿಯಬೇಕು. ಒಂದು ಬಸ್ಸು ಮಾತ್ರ ಹಾರನ್ನೂ ಹೊಡೆಯದೆ, ಮುಂದೆಯೂ ನುಗ್ಗದೆ, ಅಂತರ ಬಿಟ್ಟು ಬರುತ್ತಿತ್ತು. ಅಕ್ಕನೇ ಇರಬಹುದೇ?

ಅಂಗಡಿಯ ಓಣಿ ಬಲಕ್ಕೆ. ನಿಯಮದ ಪ್ರಕಾರ ಮೊದಲು ಹಿಂದೆ ನೋಡಬೇಕು, ಆಮೇಲೆ ಕೈ ಚಾಚಿ ತಿರುಗಬೇಕು. ನೋಡಿದರೆ ನಾನೇ ಸೋತ ಹಾಗೆ. ಅದಕ್ಕೇ ನೋಡದೆ ಕೈ ಚಾಚುತ್ತಿದ್ದೆ. ಬಸ್ಸು ನಿಧಾನವಾಗುತ್ತಿತ್ತು, ನಾನು ತಿರುಗುತ್ತಿದ್ದೆ. ಕೊಬ್ಬು ಅಂದರೆ ಇದೇ.

ಒಂದು ದಿನ ಬಸ್ಸಿನ ಸದ್ದು ಅದೇ, ಆದರೆ ಬ್ರೇಕು ಗಕ್ಕನೆ ಬಿತ್ತು. ಓಣಿಗೆ ತಿರುಗಿದವಳೇ ನಿಂತು ನೋಡಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿದವನು ಯಾರೋ ಮೀಸೆಯ ಡ್ರೈವರು.

“ಹಳದಿ ಚೀಲದ ಸೈಕಲ್ಲು ನೀವೇನಾ?”

“ಹೌದು, ಯಾಕೆ?”

“ಈ ಬಸ್ಸು ಓಡಿಸ್ತಿದ್ದ ಅಕ್ಕ ಫೋನಲ್ಲಿ ಹೇಳಿದ್ರು. ‘ಅಲ್ಲೊಬ್ಳು ಸುಮ್ನೆ ಕೈ ಚಾಚ್ತಾಳೆ, ಹಿಂದೆ ನೋಡಲ್ಲ. ನನ್ನ ತಂಗಿ. ನೀನೇ ನೋಡ್ಕೊಂಡು ಹೋಗು’ ಅಂತ. ಸ್ಟಾಪ್‌ಗಳನ್ನ ಹೇಳ್ಕೊಡೋಕೆ ಮುಂಚೆ ಇದನ್ನೇ ಹೇಳಿದ್ದು.”

“ಅವಳೆಲ್ಲಿ?”

“ಕಾಲು ಮುರ್ಕೊಂಡು ಮನೇಲಿದಾರೆ. ನಿಮ್ಗೇ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಹಿಂದಿನವರೆಲ್ಲ ಹಾರನ್ ಬಾರಿಸಿ ಬಸ್ಸನ್ನು ಮುಂದೆ ಕಳಿಸಿದರು.

ಅಕ್ಕನ ಮನೆ ಬೀದಿಯ ಆ ತುದಿಗಿತ್ತು, ಅಂದರೆ ಏಕಮುಖದ ಉಲ್ಟಾ ದಿಕ್ಕಿಗೆ. ಸೈಕಲ್ಲಿನಿಂದ ಇಳಿದು ಫುಟ್‌ಪಾತ್ ಹತ್ತಿದೆ. ಹೋಗಿ ಏನು ಹೇಳುವುದೋ ತಿಳಿಯಲಿಲ್ಲ. ಬೈಗುಳ ತಿನ್ನುವುದಂತೂ ಗ್ಯಾರಂಟಿ. ತಿನ್ನೋಣವೆಂದು ಬೇಗಬೇಗ ಸೈಕಲ್ಲು ತಳ್ಳಿಕೊಂಡು ಹೊರಟೆ.